ಕಾಂಡೋ ಟ್ರಸ್ಟಿ ಆಗಿದ್ದೇನೆ, ಕೇಸ್ ಬಿದ್ದರೆ ನನ್ನ ಮನೆ ಹೋಗುತ್ತಾ?

ಪ್ರಶ್ನೆ: ನಾವು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 28 ಮನೆಗಳಿರುವ ಒಂದು ಕಾಂಡೋ ಕಟ್ಟಡದಲ್ಲಿದ್ದೇವೆ, ಅಂದರೆ ಮನೆ ಅವರವರದ್ದು, ಛಾವಣಿ, ಗೋಡೆ, ಡೆಕ್ ಎಲ್ಲರದ್ದು. ಹೋದ ವರ್ಷ ಯಾರೂ ಮುಂದೆ ಬರಲಿಲ್ಲ ಅಂತ ನಾನು ಕಟ್ಟಡದ ವ್ಯವಹಾರ ನೋಡಿಕೊಳ್ಳುವ ಟ್ರಸ್ಟಿ ಆಗಲು ಒಪ್ಪಿಕೊಂಡೆ. ಸಂಬಳ ಇಲ್ಲ. ಒಟ್ಟು ಮೂವರು ಟ್ರಸ್ಟಿಗಳು. ಹಿಂಬದಿಯ ಮರದ ಡೆಕ್‌ಗಳು ಕೊಳೆತಿವೆ, ಆರು ತಿಂಗಳೊಳಗೆ ರಿಪೇರಿ ಆಗಲೇಬೇಕು ಅಂತ ಇಂಜಿನಿಯರ್ ವರದಿ ಕೊಟ್ಟು ನಾಲ್ಕು ತಿಂಗಳಾಯಿತು. ಉಳಿದ ಇಬ್ಬರು "ಈಗ ಸ್ಪೆಷಲ್ ಅಸೆಸ್‌ಮೆಂಟ್ (ದೊಡ್ಡ ಖರ್ಚಿಗೆ ಎಲ್ಲ ಮಾಲೀಕರಿಂದ ಹೆಚ್ಚುವರಿ ವಸೂಲಿ) ಹಾಕಿದರೆ ಜನ ಗಲಾಟೆ ಮಾಡ್ತಾರೆ, ಎಲ್ಲರ ವೋಟು ಬೇಕಾಗುತ್ತೆ, ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ. ಅವರಲ್ಲೊಬ್ಬರು ಕೆಲಸವನ್ನು ತಮ್ಮ ಬಾಮೈದನ ಕಂಪನಿಗೆ ಕೊಡೋಣ ಅಂತಲೂ ಹೇಳಿದ್ದಾರೆ. ಮೂರನೇ ಮಹಡಿಯ ಒಬ್ಬ ಮಹಿಳೆ ವರದಿಯ ಪ್ರತಿ ಕೇಳಿದರು, ನಾವು ಕೊಡಲಿಲ್ಲ. ಈಗ "ನಿಮ್ಮ ಮೂವರ ಮೇಲೂ ವೈಯಕ್ತಿಕವಾಗಿ ಕೇಸ್ ಹಾಕ್ತೇನೆ" ಎಂದು ಇಮೇಲ್ ಕಳಿಸಿದ್ದಾರೆ. ನನ್ನ ಸ್ವಂತ ಮನೆ, ಉಳಿತಾಯಕ್ಕೆ ಅಪಾಯ ಇದೆಯಾ? ರಾಜೀನಾಮೆ ಕೊಟ್ಟುಬಿಡಲಾ?

ಉತ್ತರ:

ಮೊದಲು ನಿಮ್ಮ ಭಯಕ್ಕೆ ನೇರ ಉತ್ತರ. ಪ್ರಾಮಾಣಿಕವಾಗಿ, ವಿಚಾರಿಸಿ, ಯೋಚಿಸಿ ತೀರ್ಮಾನ ಮಾಡಿದ ಟ್ರಸ್ಟಿ ತನ್ನ ಸ್ವಂತ ಮನೆ ಕಳೆದುಕೊಳ್ಳುವುದು ತುಂಬಾ ಅಪರೂಪ. ಆದರೆ ನಿಮ್ಮ ಪತ್ರ ಓದಿ ನನಗೆ ಎದೆ ಧಸಕ್ಕೆಂದಿದ್ದು ಆ ಬೆದರಿಕೆಯ ಇಮೇಲಿಗಲ್ಲ. ನಾಲ್ಕು ತಿಂಗಳಿಂದ ಸುಮ್ನೆ ಬಿದ್ದಿರುವ ಇಂಜಿನಿಯರ್ ವರದಿಗೆ. ಆ ಡೆಕ್‌ಗಳ ಮೇಲೆ ಇವತ್ತು ಸಂಜೆಯೂ ಯಾರೋ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಅಲ್ವಾ?

ಹಾಗಾಗಿ ಕಾನೂನಿನ ಮಾತಿಗೆ ಮುಂಚೆ ಒಂದು ಕೆಲಸ. ನಾಳೆ ಬೆಳಿಗ್ಗೆ ಅದೇ ಇಂಜಿನಿಯರ್‌ಗೆ ಫೋನ್ ಮಾಡಿ. "ರಿಪೇರಿ ಆಗುವವರೆಗೆ ಯಾವ ಡೆಕ್ ಬಳಸಬಾರದು, ಎಲ್ಲಿಗೆ ತಾತ್ಕಾಲಿಕ ಆಸರೆ ಕಂಬ ಕೊಡಬೇಕು" ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ. ನೀವಾಗಿಯೇ ಹೋಗಿ ಬಾಗಿಲಿಗೆ ಹಲಗೆ ಹೊಡೆಯಬೇಡಿ. ನಿಮ್ಮ ಕಡೆಯ ಹಳೇ ಕಟ್ಟಡಗಳಲ್ಲಿ ಹಿಂಬದಿಯ ಡೆಕ್ ಮತ್ತು ಮೆಟ್ಟಿಲು ಬೆಂಕಿ ಬಿದ್ದಾಗ ತಪ್ಪಿಸಿಕೊಳ್ಳುವ ಎರಡನೇ ದಾರಿಯೂ ಆಗಿರುತ್ತವೆ. ಅದನ್ನು ಮುಚ್ಚಿದರೆ ಇನ್ನೊಂದು ಅಪಾಯ. ಆದ್ದರಿಂದ ಊರಿನ ಬಿಲ್ಡಿಂಗ್ ಇನ್‌ಸ್ಪೆಕ್ಟರ್‌ಗೂ ತಿಳಿಸಿ. ತಪ್ಪಿಸಿಕೊಳ್ಳುವ ದಾರಿಯಾಗಿರುವ ಹೊರಗಿನ ಮೆಟ್ಟಿಲು, ಬಾಲ್ಕನಿಗಳನ್ನು 5 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು ಎಂದು ಮ್ಯಾಸಚೂಸೆಟ್ಸ್ ಕಟ್ಟಡ ನಿಯಮವೇ ಹೇಳುತ್ತದೆ. ನಿಮ್ಮದು ಕೊನೆಯ ಸಲ ಯಾವಾಗ ಆಗಿದೆ ಅಂತಲೂ ನೋಡಿಬಿಡಿ.

ಇನ್ನು ನಿಮ್ಮ ಹೊಣೆಯ ವಿಷಯ.

ಬೇರೆ ಎಷ್ಟೋ ರಾಜ್ಯಗಳಲ್ಲಿ ಕಾಂಡೋ ನಡೆಸುವವರನ್ನು ಡೈರೆಕ್ಟರ್ ಅನ್ನುತ್ತಾರೆ. ನಿಮ್ಮಲ್ಲಿ ಟ್ರಸ್ಟಿ ಅನ್ನುತ್ತಾರೆ. ಅದು ಬರೀ ಹೆಸರಲ್ಲ. 1963ರಲ್ಲಿ ಬಂದ ಮ್ಯಾಸಚೂಸೆಟ್ಸ್ ಕಾಂಡೋ ಕಾನೂನು, ಅಂದರೆ 183ಎ ಅಧ್ಯಾಯ, ಮನೆ ಮಾಲೀಕರ ಸಂಘವನ್ನು ಕಂಪನಿಯಾಗಿ, ಟ್ರಸ್ಟಾಗಿ ಅಥವಾ ಬರೀ ಸಂಘವಾಗಿ ಕಟ್ಟಿಕೊಳ್ಳಲು ಬಿಡುತ್ತದೆ. ಅಲ್ಲಿ ಜಾಸ್ತಿ ಜನ ಆರಿಸಿಕೊಳ್ಳುವುದು ಟ್ರಸ್ಟನ್ನು. ಟ್ರಸ್ಟಿ ಅಂದರೆ ಬೇರೆಯವರ ಸೊತ್ತನ್ನು ಅವರ ಒಳ್ಳೆಯದಕ್ಕಾಗಿ ಕೈಯಲ್ಲಿ ಹಿಡಿದವನು. ಇಲ್ಲಿ ಆ ಸೊತ್ತು ಎಲ್ಲರಿಗೂ ಸೇರಿದ ಛಾವಣಿ, ಗೋಡೆ, ಡೆಕ್ ಮತ್ತು ಎಲ್ಲರೂ ಕಟ್ಟಿದ ದುಡ್ಡು.

ಹೀಗೆ ಹಿಡಿದವನಿಂದ ಎಷ್ಟು ನಿರೀಕ್ಷಿಸಬಹುದು? ಈ ಪ್ರಶ್ನೆಗೆ ಅಮೆರಿಕದಲ್ಲಿ ಬಂದ ಹಳೆಯ, ಹೆಸರಾದ ಉತ್ತರ ನಿಮ್ಮ ರಾಜ್ಯದ್ದೇ. ಜಾನ್ ಮೆಕ್‌ಲೀನ್ ಎಂಬ ಬಾಸ್ಟನ್ ವ್ಯಾಪಾರಿ 50,000 ಡಾಲರನ್ನು ಟ್ರಸ್ಟಿನಲ್ಲಿಟ್ಟು ಸತ್ತ. ಹೆಂಡತಿ ಬದುಕಿರುವವರೆಗೆ ಅದರ ಆದಾಯ ಅವಳಿಗೆ, ಆಮೇಲೆ ಅಸಲು ಹಾರ್ವರ್ಡ್ ಕಾಲೇಜಿಗೆ ಮತ್ತು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ. ಟ್ರಸ್ಟಿಗಳು ದುಡ್ಡನ್ನು ಷೇರುಗಳಲ್ಲಿ ಹಾಕಿದರು. ಬೆಲೆ ಕುಸಿಯಿತು. ಹಾರ್ವರ್ಡ್ ಕೇಸ್ ಹಾಕಿತು. 1830ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಟ್ರಸ್ಟಿಗಳ ಪರ ತೀರ್ಪು ಕೊಟ್ಟಿತು. ಬುದ್ಧಿವಂತರು ತಮ್ಮ ಸ್ವಂತ ದುಡ್ಡನ್ನು ಹೇಗೆ ನೋಡಿಕೊಳ್ಳುತ್ತಾರೋ ಹಾಗೆ ನಿಷ್ಠೆಯಿಂದ, ವಿವೇಚನೆಯಿಂದ ನೋಡಿಕೊಂಡರೆ ಸಾಕು, ನಷ್ಟವಾಯಿತು ಅನ್ನುವುದೊಂದೇ ತಪ್ಪಲ್ಲ ಎಂಬುದು ಅದರ ಸಾರ. ಸುಮಾರು 200 ವರ್ಷ ಕಳೆದರೂ ಈ ಅಳತೆಗೋಲು ಹೋಗಿಲ್ಲ. ಕೋರ್ಟು ನೋಡುವುದು ನಿಮ್ಮ ತೀರ್ಮಾನ ಗೆದ್ದಿತೋ ಸೋತಿತೋ ಅಂತಲ್ಲ. ಯಾರಿಗಾಗಿ ಮಾಡಿದಿರಿ, ಏನು ತಿಳಿದುಕೊಂಡು ಮಾಡಿದಿರಿ ಅಂತ.

'ಯಾರಿಗಾಗಿ' ಅನ್ನುವುದು ನಿಷ್ಠೆಯ ಪ್ರಶ್ನೆ. ಬಾಮೈದನ ಕಂಪನಿಯ ಮಾತು ಇಲ್ಲಿ ಬರುತ್ತದೆ. ಆತ ಒಳ್ಳೆಯ ಕೆಲಸಗಾರನೇ ಇರಬಹುದು, ಕಡಿಮೆ ರೇಟಿಗೇ ಮಾಡಿಕೊಡಬಹುದು. ಆದರೂ ಆ ಟ್ರಸ್ಟಿ ಸಂಬಂಧವನ್ನು ಬಾಯಿಬಿಟ್ಟು ಹೇಳಬೇಕು. ಅದು ಸಭೆಯ ನಡಾವಳಿಯಲ್ಲಿ ದಾಖಲಾಗಬೇಕು. ಸಂಬಂಧವಿಲ್ಲದ ಕನಿಷ್ಠ ಇಬ್ಬರು ಗುತ್ತಿಗೆದಾರರಿಂದ, ಇಂಜಿನಿಯರ್ ಬರೆದ ಅದೇ ಕೆಲಸದ ಪಟ್ಟಿಗೆ, ಬರಹದಲ್ಲಿ ದರ ತರಿಸಬೇಕು. ಚರ್ಚೆ ಮತ್ತು ವೋಟಿನ ಹೊತ್ತಿಗೆ ಆ ಟ್ರಸ್ಟಿ ಹೊರಗೆ ಕೂರಬೇಕು. ಇಷ್ಟೆಲ್ಲ ಮಾಡಿದರೂ ನನ್ನನ್ನು ಕೇಳಿದರೆ ಆ ಕಂಪನಿಗೆ ಕೆಲಸ ಕೊಡಬೇಡಿ ಅಂತಲೇ ಹೇಳುತ್ತೇನೆ. ನಾಳೆ ಕೆಲಸ ಕೆಟ್ಟರೆ ಗುತ್ತಿಗೆದಾರನಿಗೆ ನೋಟಿಸ್ ಕೊಡಬೇಕಾದವರು ನೀವೇ. ಮನೆಯವನ ಮೇಲೆ ನೋಟಿಸ್ ಕಳಿಸುವ ಧೈರ್ಯ ಎಷ್ಟು ಜನಕ್ಕಿರುತ್ತದೆ?

ನಿಷ್ಠೆ ತಪ್ಪುವ ಇನ್ನೊಂದು ರೀತಿ ಇದೆ. ಅದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಟ್ರಸ್ಟಿಯೂ ಒಬ್ಬ ಮನೆ ಮಾಲೀಕನೇ. ಮುಂದಿನ ವರ್ಷ ಮನೆ ಮಾರುವ ಯೋಚನೆ ಇರುವವನಿಗೆ ಈ ವರ್ಷ ಸ್ಪೆಷಲ್ ಅಸೆಸ್‌ಮೆಂಟ್ ಬೇಡ. 'ಮುಂದಿನ ವರ್ಷ ನೋಡೋಣ' ಅನ್ನುವ ಮಾತು ಅಲ್ಲಿಂದ ಬಂದಿದ್ದರೆ ಅದು ಕೂಡ ಸ್ವಂತ ಲಾಭವೇ. ನಿಮ್ಮ ಸಹ ಟ್ರಸ್ಟಿಗಳ ಮೇಲೆ ನಾನು ಆರೋಪ ಮಾಡುತ್ತಿಲ್ಲ. ಆದರೆ ಕೇಸ್ ನಡೆದರೆ ಎದುರಿನ ವಕೀಲರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು.

'ಏನು ತಿಳಿದುಕೊಂಡು' ಅನ್ನುವುದು ಎಚ್ಚರಿಕೆಯ ಪ್ರಶ್ನೆ. ಇಲ್ಲಿ ಕೋರ್ಟುಗಳು ಟ್ರಸ್ಟಿಗಳಿಗೆ ಸಾಕಷ್ಟು ಜಾಗ ಬಿಡುತ್ತವೆ. 1990ರಲ್ಲಿ ನ್ಯೂಯಾರ್ಕಿನ ಅತಿ ದೊಡ್ಡ ಕೋರ್ಟು ಲೆವಂಡಸ್ಕಿ ಎಂಬ ಕೇಸಿನಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿತು. ಅಡುಗೆಮನೆ ನವೀಕರಿಸುವಾಗ ಒಬ್ಬ ನಿವಾಸಿ ಹಬೆಯ ಪೈಪನ್ನು ಸರಿಸಿದ್ದ, ಕಟ್ಟಡ ನಡೆಸುವ ಬೋರ್ಡು ಬೇಡ ಅಂದಿತ್ತು. ಬೋರ್ಡು ಎಲ್ಲರ ಒಳ್ಳೆಯದಕ್ಕಾಗಿ, ತನ್ನ ಅಧಿಕಾರದ ಒಳಗೆ, ಒಳ್ಳೆಯ ಮನಸ್ಸಿನಿಂದ ನಡೆದುಕೊಂಡಿದ್ದರೆ ನಾವು ಅದರ ಜಾಗದಲ್ಲಿ ಕೂತು ಮತ್ತೆ ತೀರ್ಪು ಕೊಡುವುದಿಲ್ಲ ಎಂದಿತು ಕೋರ್ಟು. ಇದನ್ನು ಬಿಸಿನೆಸ್ ಜಡ್ಜ್‌ಮೆಂಟ್ ನಿಯಮ ಅನ್ನುತ್ತಾರೆ. ನೀವು ದುಬಾರಿ ಮರ ಆರಿಸಿದಿರಾ, ಅಗ್ಗದ ಮರವಾ, ಈ ಗುತ್ತಿಗೆದಾರನಾ, ಆ ಗುತ್ತಿಗೆದಾರನಾ? ಕಾರಣ ಇಟ್ಟುಕೊಂಡು ಆರಿಸಿದ್ದರೆ ಕೋರ್ಟು ತಲೆ ಹಾಕುವುದಿಲ್ಲ.

ಆದರೆ ಈ ರಕ್ಷಣೆ ಸಿಗುವುದು ತೀರ್ಮಾನಕ್ಕೆ. ತೀರ್ಮಾನವನ್ನೇ ಮಾಡದೆ ಕೂತದ್ದಕ್ಕಲ್ಲ. "ವರದಿ ನೋಡಿದೆವು, ಇಂಜಿನಿಯರ್ ಜೊತೆ ಮಾತಾಡಿದೆವು, ಚಳಿಗಾಲದಲ್ಲಿ ಕಾಂಕ್ರೀಟ್ ಹಾಕಲು ಆಗುವುದಿಲ್ಲ, ಆದ್ದರಿಂದ ಆಸರೆ ಕೊಟ್ಟು ಏಪ್ರಿಲ್‌ನಲ್ಲಿ ಶುರು ಮಾಡುತ್ತೇವೆ" ಅಂದರೆ ಅದು ತೀರ್ಮಾನ. "ಜನ ಬೈಯುತ್ತಾರೆ" ಅಂತ ಮುಂದೂಡಿದರೆ ಅದಕ್ಕೆ ಏನು ಹೆಸರಿಡಬೇಕು ನೀವೇ ಹೇಳಿ. ಇಂಜಿನಿಯರ್ ಮಾತನ್ನು ನಂಬಿ ನಡೆದವನಿಗೆ ಕಾನೂನು ಗುರಾಣಿ ಕೊಡುತ್ತದೆ. ಅದೇ ಮಾತನ್ನು ಡ್ರಾಯರಿನಲ್ಲಿಟ್ಟವನಿಗೆ ಎದುರು ಅದೇ ವರದಿ ಸಾಕ್ಷಿಯಾಗುತ್ತದೆ. ಗೊತ್ತಿರಲಿಲ್ಲ ಅನ್ನಲು ನಿಮಗೆ ದಾರಿ ಇಲ್ಲ, ದಿನಾಂಕ ಹಾಕಿದ ಕಾಗದ ಇದೆ.

ಎರಡು ಘಟನೆ ನೆನಪು ಮಾಡುತ್ತೇನೆ. 2015ರ ಜೂನ್ 16ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಅಪಾರ್ಟ್‌ಮೆಂಟಿನ ಬಾಲ್ಕನಿ ಮುರಿದು ಬಿತ್ತು. ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರಲ್ಲಿ ಆರು ಜನ ಸತ್ತರು. ಕಾರಣ, ಒಳಗೆ ನೀರು ಸೇರಿ ಕೊಳೆತ ಮರದ ತೊಲೆಗಳು. ಅದು ಬಾಡಿಗೆ ಕಟ್ಟಡ, ಕಾಂಡೋ ಅಲ್ಲ. ಆದರೂ ಅದರ ಹಿಂದೆಯೇ ಬಂದ ಕಾನೂನುಗಳಲ್ಲಿ ಒಂದು ಕಾಂಡೋಗಳಿಗೂ ತಗುಲಿತು. ಮರದ ಆಧಾರವಿರುವ ಎತ್ತರದ ಬಾಲ್ಕನಿ, ಡೆಕ್‌ಗಳನ್ನು 9 ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷೆ ಮಾಡಿಸಬೇಕು ಎಂದು ಆ ರಾಜ್ಯ 2019ರಲ್ಲಿ ಕಡ್ಡಾಯ ಮಾಡಿತು.

ಇನ್ನೊಂದು ನಿಮಗೂ ಗೊತ್ತಿರುತ್ತದೆ. 2021ರ ಜೂನ್ 24ರ ನಡುರಾತ್ರಿ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ ಶಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಮಹಡಿಯ ಕಾಂಡೋ ಕುಸಿದು 98 ಜನ ಸತ್ತರು. 2018ರಲ್ಲೇ ಒಬ್ಬ ಇಂಜಿನಿಯರ್ ಈಜುಕೊಳದ ಅಂಗಳದ ಕೆಳಗೆ ಕಾಂಕ್ರೀಟ್ ಗಂಭೀರವಾಗಿ ಹಾಳಾಗಿದೆ ಅಂತ ಬರೆದಿದ್ದರು. ದುಡ್ಡಿನ ವಿಷಯದಲ್ಲಿ ಜಗಳವೋ ಜಗಳ. 2019ರಲ್ಲಿ ಬೋರ್ಡಿನ ಹಲವರು ರಾಜೀನಾಮೆ ಕೊಟ್ಟರು. 1 ಕೋಟಿ 50 ಲಕ್ಷ ಡಾಲರಿನ ಅಸೆಸ್‌ಮೆಂಟ್ ಕೊನೆಗೂ ಪಾಸಾಗಿದ್ದು 2021ರ ಏಪ್ರಿಲ್‌ನಲ್ಲಿ. ಒಂದೊಂದು ಮನೆಯ ಪಾಲು 80 ಸಾವಿರ ಡಾಲರಿಂದ ಶುರುವಾಗಿ 3 ಲಕ್ಷ ದಾಟುತ್ತಿತ್ತು. ರಿಪೇರಿ ತಡವಾದದ್ದೇ ಕುಸಿತಕ್ಕೆ ಕಾರಣ ಅಂತ ನಾನು ಹೇಳುತ್ತಿಲ್ಲ. ಕಟ್ಟಡದ ಮೂಲ ವಿನ್ಯಾಸದಲ್ಲೇ ದೋಷಗಳಿದ್ದವು. ನಾನು ಹೇಳುತ್ತಿರುವುದು ಆ ಮೂರು ವರ್ಷದ ಬಗ್ಗೆ. ಆ ಸಭೆಗಳಲ್ಲಿ ಕೂತವರೂ ಸಂಬಳವಿಲ್ಲದೆ ದುಡಿದ ನಿಮ್ಮಂಥವರೇ, ಅಕ್ಕಪಕ್ಕದ ಮನೆಯವರೇ. ನೆರೆಯವರ ಸಿಟ್ಟಿಗೆ ಹೆದರುವುದು ಎಷ್ಟು ಸಹಜ, ಅದರ ಬೆಲೆ ಎಷ್ಟು ದೊಡ್ಡದಾಗಬಹುದು ಅಂತ ಯೋಚಿಸಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಆಮೇಲೆ ಫ್ಲಾರಿಡಾ 2022ರಲ್ಲಿ ಕಾನೂನು ಬದಲಿಸಿತು. ಕಟ್ಟಡದ ಮುಖ್ಯ ಭಾಗಗಳ ರಿಪೇರಿಗೆ ಎತ್ತಿಡಬೇಕಾದ ದುಡ್ಡನ್ನು ಮಾಲೀಕರೇ ವೋಟು ಹಾಕಿ ಬೇಡ ಅನ್ನುವ ಪದ್ಧತಿ ಮುಂಚೆ ಇತ್ತು. ಮೂರು ಮಹಡಿ ಮತ್ತು ಅದಕ್ಕೂ ಎತ್ತರದ ಕಾಂಡೋಗಳಿಗೆ ಅದು ತಪ್ಪಿತು.

ನಿಮ್ಮ ರಾಜ್ಯದ ಕಾನೂನು ಕೂಡ ಸಾಕಷ್ಟು ರಿಸರ್ವ್ ಫಂಡ್ (ಮುಂದಿನ ದೊಡ್ಡ ರಿಪೇರಿಗಳಿಗೆ ಎತ್ತಿಟ್ಟ ದುಡ್ಡು) ಇಡಬೇಕು, ಅದನ್ನು ದಿನನಿತ್ಯದ ಖರ್ಚಿನ ಖಾತೆಯಿಂದ ಬೇರೆ ಇಡಬೇಕು ಎನ್ನುತ್ತದೆ. ಡೆಕ್ ರಿಪೇರಿಗೆ ಅದರಲ್ಲಿ ದುಡ್ಡಿಲ್ಲದಿದ್ದರೆ ಅಸೆಸ್‌ಮೆಂಟ್ ಅಥವಾ ಬ್ಯಾಂಕ್ ಸಾಲ. "ಎಲ್ಲರ ವೋಟು ಬೇಕು" ಅನ್ನುವುದು ಬಹುಶಃ ತಪ್ಪು ತಿಳಿವಳಿಕೆ. 183ಎ ಕಾನೂನಿನ 18ನೇ ಸೆಕ್ಷನ್ನಿನಲ್ಲಿ ಶೇ 75ರಷ್ಟು ಮಾಲೀಕರ ಒಪ್ಪಿಗೆಯ ಮಾತು ಬರುತ್ತದೆ ನಿಜ. ಆದರೆ ಅದು ಹೊಸ ಸೌಕರ್ಯಕ್ಕೆ. ಇದ್ದದ್ದನ್ನು ಉಳಿಸಿಕೊಳ್ಳುವ ರಿಪೇರಿಗೆ ಆ ವೋಟು ಬೇಕಿಲ್ಲ, ಅದು ಟ್ರಸ್ಟಿಗಳ ಕೆಲಸ. ಡೆಕ್ ಇದ್ದ ಜಾಗದಲ್ಲಿ ಗಾಜಿನ ಕೋಣೆ ಕಟ್ಟುವುದು ಸೌಕರ್ಯ. ಕೊಳೆತ ತೊಲೆ ತೆಗೆದು ಗಟ್ಟಿ ತೊಲೆ ಹಾಕುವುದು ರಿಪೇರಿ. ನಿಮ್ಮ ಬೈಲಾದಲ್ಲಿ ಇಂತಿಷ್ಟು ಡಾಲರಿಗಿಂತ ದೊಡ್ಡ ಖರ್ಚಿಗೆ ಸಭೆ ಕರೆಯಬೇಕು ಎಂಬ ಷರತ್ತು ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಗಲಾಟೆ ಮಾಡಿ ದುಡ್ಡು ಕಟ್ಟದಿದ್ದರೆ? ಟ್ರಸ್ಟಿಗಳ ಮೇಲೆ ಸಿಟ್ಟಿದೆ ಅಂತ ಮಾಲೀಕರು ಶುಲ್ಕ ತಡೆಹಿಡಿಯುವಂತಿಲ್ಲ ಎಂದು ಮ್ಯಾಸಚೂಸೆಟ್ಸ್ ಸರ್ವೋಚ್ಚ ನ್ಯಾಯಾಲಯ 1992ರಲ್ಲಿ, ಪ್ರಿನ್ಸ್ ಕಾಂಡೋಮಿನಿಯಂ ಕೇಸಿನಲ್ಲಿ, ಸ್ಪಷ್ಟ ಮಾಡಿದೆ. ಮೊದಲು ಕಟ್ಟು, ಆಮೇಲೆ ತಕರಾರು ಮಾಡು ಎಂಬುದೇ ನಿಯಮ. ವಸೂಲಿ ಮಾಡುವುದೂ ನಿಮ್ಮ ಕರ್ತವ್ಯವೇ. ಪರಿಚಯದವರು ಅಂತ ಒಬ್ಬರಿಗೆ ಬಿಟ್ಟರೆ ಉಳಿದ 27 ಮನೆಗಳಿಗೆ ಮೋಸ ಮಾಡಿದಂತೆ.

ಈಗ ಸ್ವಂತ ಹೊಣೆಯ ಸೂಕ್ಷ್ಮ ಜಾಗಕ್ಕೆ ಬರೋಣ. ಟ್ರಸ್ಟಿಯಾಗಿ ಸಂಘಕ್ಕೆ ಮಾಡಬೇಕಾದ ಕರ್ತವ್ಯ ಬೇರೆ. ನಿಮ್ಮ ಕೈಯಾರೆ ಆದ ತಪ್ಪಿನಿಂದ ಒಬ್ಬರ ಮೈಗೆ ಪೆಟ್ಟಾದರೆ ಬರುವ ಹೊಣೆ ಬೇರೆ. 1986ರ ಕ್ಯಾಲಿಫೋರ್ನಿಯಾದ ಒಂದು ಕೇಸು ಇದನ್ನು ಮನ ಕಲಕುವಂತೆ ತೋರಿಸುತ್ತದೆ. ಲಾಸ್ ಏಂಜಲೀಸಿನ ವಿಲೇಜ್ ಗ್ರೀನ್ ಎಂಬ ಕಾಂಡೋದಲ್ಲಿ ಕಳ್ಳತನಗಳು ಹೆಚ್ಚಾಗಿದ್ದವು. ಒಬ್ಬ ಮಹಿಳೆ ಬೆಳಕು ಬೇಕು ಅಂತ ಕೇಳಿ ಕೇಳಿ ಸಾಕಾಗಿ ತನ್ನ ಮನೆಯ ಹೊರಗೆ ತಾನೇ ದೀಪ ಹಾಕಿಸಿಕೊಂಡಳು. ನಿಯಮಕ್ಕೆ ವಿರುದ್ಧ, ತೆಗೆ ಎಂದಿತು ಬೋರ್ಡು. ದೀಪ ಆರಿದ ರಾತ್ರಿಯೇ ಒಬ್ಬ ಒಳನುಗ್ಗಿ ಆಕೆಯ ಮೇಲೆ ಅತ್ಯಾಚಾರ ಮಾಡಿ ದೋಚಿದ. ಅಲ್ಲಿನ ಸರ್ವೋಚ್ಚ ನ್ಯಾಯಾಲಯ ನಿಷ್ಠೆಯ ಕರ್ತವ್ಯ ಮುರಿದ ಆರೋಪವನ್ನು ಒಪ್ಪಲಿಲ್ಲ. ಆದರೆ ನಿರ್ಲಕ್ಷ್ಯದ ಆರೋಪದ ಮೇಲೆ ಸಂಘ ಮಾತ್ರವಲ್ಲ, ಆ ಬೋರ್ಡಿನ ಸದಸ್ಯರನ್ನೂ ವೈಯಕ್ತಿಕವಾಗಿ ಕೋರ್ಟಿಗೆ ಎಳೆಯಬಹುದು ಎಂದಿತು. ಅಪಾಯ ಗೊತ್ತಿತ್ತು, ತಡೆಯುವ ಅಧಿಕಾರ ಕೈಯಲ್ಲಿತ್ತು. ಅದು ಬೇರೆ ರಾಜ್ಯದ ತೀರ್ಪು, ನಿಮ್ಮ ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಆದರೆ ನಿಮ್ಮ ಡೆಕ್‌ಗಳ ಕಥೆಗೂ ಅದಕ್ಕೂ ಇರುವ ಹೋಲಿಕೆ ನಿಮಗೆ ಕಾಣುತ್ತಿರಬೇಕು.

ನಿಮಗೆ ಇರುವ ರಕ್ಷಣೆಗಳೂ ಕಡಿಮೆ ಏನಲ್ಲ. ನಿಮ್ಮ ಡಿಕ್ಲರೇಷನ್ ಆಫ್ ಟ್ರಸ್ಟ್, ಅಂದರೆ ಟ್ರಸ್ಟನ್ನು ಕಟ್ಟಿದ ಮೂಲ ಪತ್ರ, ತೆಗೆದು ಓದಿ. ಬೇಕಂತಲೇ ಮಾಡಿದ ತಪ್ಪು ಅಥವಾ ಕೆಟ್ಟ ಉದ್ದೇಶ ಇಲ್ಲದಿದ್ದರೆ ಟ್ರಸ್ಟಿ ಸ್ವಂತವಾಗಿ ಹೊಣೆಯಲ್ಲ, ಅವನ ಕೇಸಿನ ಖರ್ಚನ್ನು ಟ್ರಸ್ಟ್ ಕೊಡಬೇಕು ಎಂಬ ಅರ್ಥದ ಷರತ್ತು ಸಾಮಾನ್ಯವಾಗಿ ಇರುತ್ತದೆ. ಯಾವುದೇ ಕರಾರಿಗೆ ಸಹಿ ಹಾಕುವಾಗ ಬರೀ ಹೆಸರು ಬರೆಯಬೇಡಿ. "ಟ್ರಸ್ಟಿಯಾಗಿ, ವೈಯಕ್ತಿಕವಾಗಿ ಅಲ್ಲ" ಎಂದು ಹೆಸರಿನ ಕೆಳಗೆ ಇರಲಿ. ಟ್ರಸ್ಟಿ ಮಾಡಿದ ಕರಾರು ಅವನ ತಲೆಗೇ ಬರುತ್ತದೆ ಎಂಬ ಹಳೇ ನಿಯಮದಿಂದ ಈ ಒಂದು ಸಾಲು ಕಾಪಾಡುತ್ತದೆ.

ಇನ್ನು ವಿಮೆ. ಡೈರೆಕ್ಟರುಗಳ ಮತ್ತು ಪದಾಧಿಕಾರಿಗಳ ವಿಮೆ, ಅಂದರೆ ಡಿ ಅಂಡ್ ಓ ಪಾಲಿಸಿ, ನಿಮ್ಮ ತೀರ್ಮಾನಗಳ ಮೇಲಿನ ಕೇಸಿಗೆ ವಕೀಲರ ಖರ್ಚನ್ನೂ ಕೊಡುತ್ತದೆ. ಆದರೆ ಮೈಗೆ ಪೆಟ್ಟಾದ ಕೇಸನ್ನು ಅದು ಸಾಮಾನ್ಯವಾಗಿ ಹೊರಗಿಡುತ್ತದೆ. ಅದಕ್ಕೆ ಕಟ್ಟಡದ ಜನರಲ್ ಲಯಬಿಲಿಟಿ ಪಾಲಿಸಿ ಬೇಕು. ಎರಡೂ ಇದೆಯಾ, ಎಷ್ಟಕ್ಕಿದೆ ಅಂತ ಈ ವಾರವೇ ಕೇಳಿ. ಬಹಳ ಜನ ಎಡವುವುದು ಇನ್ನೊಂದು ಕಡೆ. ಡಿ ಅಂಡ್ ಓ ಪಾಲಿಸಿಗಳಲ್ಲಿ ಹೆಚ್ಚಿನವು ದೂರು ಬಂದ ಅವಧಿಯ ಪಾಲಿಸಿಯಲ್ಲೇ ದೂರು ತಿಳಿಸಬೇಕು ಎಂಬ ಬಗೆಯವು. ಕೋರ್ಟಿನ ಸಮನ್ಸ್ ಬರಲಿ ಅಂತ ಕಾಯುವ ಹಾಗಿಲ್ಲ. "ಕೇಸ್ ಹಾಕ್ತೇನೆ" ಎಂಬ ಇಮೇಲನ್ನೇ ವಿಮಾ ಕಂಪನಿ ದೂರು ಅಂತ ಎಣಿಸಬಹುದು. ಅದನ್ನು ಇವತ್ತೇ ಬರಹದಲ್ಲಿ ಏಜೆಂಟ್‌ಗೆ ಮತ್ತು ಕಂಪನಿಗೆ ಕಳಿಸಿ. ತಡ ಮಾಡಿ ವಿಮೆ ಕೈಬಿಟ್ಟುಹೋದರೆ, ಆಗ ನಿಮ್ಮ ಉಳಿತಾಯಕ್ಕೆ ನಿಜವಾಗಿಯೂ ಅಪಾಯ.

ರಾಜೀನಾಮೆ? ಬೇಡ, ಕನಿಷ್ಠ ಈಗಲ್ಲ. ಈಗಾಗಲೇ ಕಳೆದ ನಾಲ್ಕು ತಿಂಗಳ ಹೊಣೆ ರಾಜೀನಾಮೆಯಿಂದ ಅಳಿಸಿಹೋಗುವುದಿಲ್ಲ. ಮೇಲಾಗಿ ಡೆಕ್ ಬಗ್ಗೆ ಚಿಂತೆ ಇರುವ ಒಬ್ಬ ಟ್ರಸ್ಟಿಯೂ ಅಲ್ಲಿ ಉಳಿಯುವುದಿಲ್ಲ. ಮೂವರಲ್ಲಿ ನೀವೊಬ್ಬರೇ ಆದರೂ ನಿಮ್ಮ ಕೈಯಲ್ಲಿ ಒಂದು ಸಾಧನ ಇದೆ. ಸಭೆ ಕರೆಯಿರಿ. "ಇಂಜಿನಿಯರ್ ಹೇಳಿದ ಸಮಯದೊಳಗೆ ರಿಪೇರಿ ಶುರು ಮಾಡಲು ಮೂರು ದರ ತರಿಸಬೇಕು, ಅಲ್ಲಿಯವರೆಗೆ ಆಸರೆ ಕೊಡಿಸಬೇಕು" ಅಂತ ಠರಾವು ಮಂಡಿಸಿ. ಇಬ್ಬರೂ ಬೇಡ ಅಂದರೆ ನಿಮ್ಮ ವೋಟು, ನಿಮ್ಮ ಕಾರಣ ನಡಾವಳಿಯಲ್ಲಿ ಬರಲೇಬೇಕು. ಬರೆಯದಿದ್ದರೆ ಅದೇ ದಿನ ಇಬ್ಬರಿಗೂ ಇಮೇಲ್ ಮಾಡಿ. ಟ್ರಸ್ಟಿನ ಕಾನೂನಿನಲ್ಲಿ ಸುಮ್ಮನಿದ್ದವನನ್ನು ಒಪ್ಪಿದವನು ಅಂತಲೇ ನೋಡುವುದು ಜಾಸ್ತಿ. ಜೊತೆಯ ಟ್ರಸ್ಟಿ ದೊಡ್ಡ ತಪ್ಪು ಮಾಡುವುದು ಗೊತ್ತಿದ್ದರೆ ತಡೆಯಲು ಪ್ರಯತ್ನಿಸುವುದೂ ಕರ್ತವ್ಯ. ವಾಟ್ಸ್ಯಾಪ್‌ನಲ್ಲಿ ಮೂವರೇ ಮಾತಾಡಿ ಮುಗಿಸುವ ಅಭ್ಯಾಸ ಇದ್ದರೆ ನಿಲ್ಲಿಸಿ. ಅಲ್ಲಿ ಯಾರು ಏನು ಕಾರಣ ಕೊಟ್ಟರು ಅನ್ನುವುದು ದಾಖಲೆಯಾಗಿ ನಿಲ್ಲುವುದಿಲ್ಲ, ಸಿಟ್ಟಿನಲ್ಲಿ ಆಡಿದ ಮಾತು ಮಾತ್ರ ನಿಲ್ಲುತ್ತದೆ. ಕಾಂಡೋ ಕೆಲಸ ಗೊತ್ತಿರುವ ಸ್ಥಳೀಯ ವಕೀಲರೊಬ್ಬರಿಗೆ ನಿಮ್ಮ ಮಾಸ್ಟರ್ ಡೀಡ್ (ಕಟ್ಟಡವನ್ನು ಕಾಂಡೋ ಮಾಡಿದ ದಾಖಲೆ), ಟ್ರಸ್ಟ್ ಪತ್ರ, ವರದಿ ಮೂರನ್ನೂ ತೋರಿಸಿ. ಟ್ರಸ್ಟಿನ ದುಡ್ಡಿನಲ್ಲೇ ಆ ಸಲಹೆ ಪಡೆಯಬಹುದು.

ಕೊನೆಗೆ ಆ ಮೂರನೇ ಮಹಡಿಯ ಮಹಿಳೆ. ಆಕೆಯನ್ನು ಎದುರಾಳಿ ಅಂತ ನೋಡಬೇಡಿ. ಸಂಘದ ದಾಖಲೆಗಳನ್ನು ಇಟ್ಟುಕೊಳ್ಳಬೇಕು, ಮಾಲೀಕರು ನೋಡಲು ಕೇಳಿದರೆ ತೋರಿಸಬೇಕು ಎಂಬುದು 183ಎ ಕಾನೂನಿನಲ್ಲೇ ಇದೆ. ಅದಿರಲಿ, ಆಕೆ ಕೊಟ್ಟ ದುಡ್ಡೂ ಸೇರಿ ಬರೆಸಿದ ವರದಿ ಅದು, ಆಕೆಯ ಬಾಗಿಲಾಚೆಯ ಡೆಕ್ ಬಗ್ಗೆಯೇ ಇರುವ ವರದಿ. ವಿಮಾ ಕಂಪನಿಗೆ ತಿಳಿಸಿ, ವಕೀಲರಿಗೆ ಒಂದು ಮಾತು ಹೇಳಿ, ಆಮೇಲೆ ತಡ ಮಾಡದೆ ಪ್ರತಿ ಕೊಡಿ. ಆಕೆಗೊಬ್ಬರಿಗೇ ಅಲ್ಲ, 28 ಮನೆಗೂ ಕಳಿಸಿ. ಜೊತೆಗೆ ಆಸರೆ ಕಂಬ ಯಾವ ದಿನ ಬರುತ್ತದೆ, ಅಲ್ಲಿಯವರೆಗೆ ಯಾವ ಡೆಕ್ ಮೇಲೆ ಕಾಲಿಡಬಾರದು ಅಂತ ಒಂದು ಪುಟ ಬರೆದು ಲಗತ್ತಿಸಿ.